ಘೋಡಗೇರಿ ಪರಿಸರದ ಬೇಸಿಗೆ ಕಾಯಿಪಲ್ಲೆ ಮತ್ತು ಬಾಳಕ

ಕಾಯಿಪಲ್ಲೆಯನ್ನು ಉಪ್ಪಿನಲ್ಲಿ ಅಥವಾ ಉಪ್ಪು ಬೆರೆಸಿದ ಹುಳಿ ಮಜ್ಜಿಗೆಯಲ್ಲಿ ನೆನೆಸಿ, ಬಿಸಿಲಿಗೆ ಒಣಗಿಸಿಟ್ಟು, ಬೇಕಾದಾಗ ಎಣ್ಣೆಯಲ್ಲಿ ಕರಿದು ಉಣ್ಣುವ ಪದಾರ್ಥಕ್ಕೆ ಉತ್ತರ ಕರ್ನಾಟಕದಲ್ಲಿ ಬಾಳಕ ಎಂದು ಹೆಸರು. ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲ್ಲೂಕಿನ ಘೋಡಗೇರಿ ಹಾಗೂ ಅದರ ಆಸುಪಾಸಿನ ಗೋಕಾಕ, ಮೂಡಲಗಿ ಭಾಗದ ಊರುಗಳಲ್ಲಿ ಬೇಸಿಗೆಯ ಕಾಯಿಪಲ್ಲೆ ಬೆಳೆಯುವುದೂ ಬಾಳಕ ಹಾಕುವುದೂ ಒಂದೇ ಕೆಲಸದ ಎರಡು ಭಾಗಗಳಾಗಿವೆ. ಮುಂಗಾರು ಬಿತ್ತನೆಯ ದಿನಗಳಲ್ಲಿ ಹೊಲದ ಕೆಲಸ ಹೆಚ್ಚು, ಹಸಿ ಕಾಯಿಪಲ್ಲೆ ಕಡಿಮೆ. ಆ ಎರಡು ಮೂರು ತಿಂಗಳ ಊಟಕ್ಕೆ ಜೋಳದ ರೊಟ್ಟಿಯ ಜೊತೆ ಏನಿರಬೇಕೆಂಬುದು ಏಪ್ರಿಲ್ ಮತ್ತು ಮೇ ತಿಂಗಳಲ್ಲೇ ತೀರ್ಮಾನವಾಗುತ್ತದೆ.

ನೆಲ ಮತ್ತು ನೀರು

ಈ ಪ್ರದೇಶವು ಘಟಪ್ರಭಾ ನದಿಯ ಕಣಿವೆಗೆ ಸೇರಿದೆ. ಹಿರಣ್ಯಕೇಶಿ ಮತ್ತು ಮಾರ್ಕಂಡೇಯ ನದಿಗಳು ಘಟಪ್ರಭೆಯ ಉಪನದಿಗಳು. ಹಿಡಕಲ್ಲಿನ ರಾಜಾ ಲಖಮಗೌಡ ಜಲಾಶಯದ ಸಂಗ್ರಹ ಸಾಮರ್ಥ್ಯ ಸುಮಾರು 51 ಟಿಎಂಸಿ ಅಡಿ. ಅದಕ್ಕಿಂತ ಬಹಳ ಮೊದಲೇ, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ಧುಪದಾಳದ ಒಡ್ಡಿನಿಂದ ಕಾಲುವೆ ನೀರಾವರಿ ಆರಂಭವಾಗಿತ್ತು. ಪಶ್ಚಿಮ ಘಟ್ಟಗಳ ಪೂರ್ವಕ್ಕಿರುವ ಈ ಬಯಲು ಮಳೆಯ ನೆರಳಿನ ಸೀಮೆ. ಇಲ್ಲಿ ಬೇಸಿಗೆಯ ಹಗಲಿನ ಗಾಳಿ ಒಣಗಿದ್ದು, ಬಿಸಿಲು ನಿಚ್ಚಳವಾಗಿರುತ್ತದೆ. ಗಿಡಕ್ಕೆ ಕಷ್ಟ ಕೊಡುವ ಇದೇ ಹವೆ ಒಣಗಿಸುವ ಕೆಲಸಕ್ಕೆ ಅತ್ಯಂತ ಅನುಕೂಲ. ಕರಾವಳಿಯ ತೇವದ ಗಾಳಿಯಲ್ಲಿ ಒಂದು ವಾರ ಹಿಡಿಯುವ ಹೋಳು ಇಲ್ಲಿ ಅದಕ್ಕಿಂತ ಬೇಗ ಗರಿಗರಿಯಾಗುತ್ತದೆ.

ಬೇಸಿಗೆಯಲ್ಲಿ ಕಾಲುವೆಗೆ ನೀರು ಹರಿಯುವುದು ಜಲಾಶಯದ ಸಂಗ್ರಹವನ್ನು ಅವಲಂಬಿಸಿದೆ. ಕುಡಿಯುವ ನೀರಿಗೆ ಮೊದಲ ಹಕ್ಕು ಇರುವುದರಿಂದ ಕಾಯಿಪಲ್ಲೆಯ ಮಡಿಗಳು ಹೆಚ್ಚಾಗಿ ಬಾವಿ ಮತ್ತು ಕೊಳವೆಬಾವಿಯ ಆಸರೆಯಲ್ಲಿವೆ. ತೋಟದ ಮನೆಗಳಲ್ಲಿ ವಾಸಿಸುವವರು ಪಾತ್ರೆ ತೊಳೆದ ನೀರನ್ನೂ ಸ್ನಾನದ ನೀರನ್ನೂ ಕಾಲುವೆ ಮಾಡಿ ಹಿತ್ತಲಿಗೆ ಹರಿಸುತ್ತಾರೆ. ಕಬ್ಬು ಮುಖ್ಯ ಬೆಳೆಯಾದ ಮೇಲೆ ಕಾಯಿಪಲ್ಲೆಯು ಬದುವಿಗೂ ಹಿತ್ತಲಿಗೂ ಸರಿದಿದೆ.

ಬೇಸಿಗೆಯ ಮಡಿ

ಬೇಸಿಗೆಯ ಬಿತ್ತನೆಯನ್ನು ಜನವರಿಯ ಕೊನೆಯಿಂದ ಫೆಬ್ರವರಿಯೊಳಗೆ ಮುಗಿಸುವುದು ಲೇಸು. ಬೆಂಡೆ, ಚವಳಿಕಾಯಿ, ಸವತೆ, ಹೀರೆ, ಹಾಗಲ, ರಾಜಗಿರಿ ಇವು ಸಾಮಾನ್ಯ ಬೆಳೆಗಳು. ಬೆಂಡೆ ಸುಮಾರು ಒಂದೂವರೆ ತಿಂಗಳಿಗೆ ಕೊಯ್ಲಿಗೆ ಬರುತ್ತದೆ. ಹೀಗಾಗಿ ಯುಗಾದಿಯ ಸುತ್ತಮುತ್ತ ಮೊದಲ ಕಾಯಿ ಸಿಗುತ್ತದೆ. ಬಿತ್ತನೆ ಮಾರ್ಚ್ ಕೊನೆಗೆ ಜಾರಿದರೆ ಹೂ ಬಿಡುವ ಹೊತ್ತಿಗೆ ಉರಿಬಿಸಿಲು ಬಂದಿರುತ್ತದೆ. ಮೆಣಸಿನಕಾಯಿ ಮತ್ತು ಟೊಮ್ಯಾಟೊ ಗಿಡಗಳು ಅಂಥ ಬಿಸಿಲಿಗೆ ಹೂ ಉದುರಿಸುತ್ತವೆ. ನೀರೆಷ್ಟು ಹಾಯಿಸಿದರೂ ಉದುರಿದ ಹೂವಿಗೆ ಕಾಯಿಯಿಲ್ಲ.

ಚವಳಿಕಾಯಿಗೆ ದಕ್ಷಿಣದ ಜಿಲ್ಲೆಗಳಲ್ಲಿ ಗೋರಿಕಾಯಿ ಎನ್ನುತ್ತಾರೆ. ಆಳಕ್ಕೆ ಬೇರು ಬಿಡುವ ಈ ದ್ವಿದಳ ಬೆಳೆ ಕಡಿಮೆ ನೀರಿನಲ್ಲೂ ಫಲ ಕೊಡುತ್ತದೆ, ಬಾಳಕಕ್ಕೂ ಒಗ್ಗುತ್ತದೆ. ನೀರು ಖಚಿತವಿಲ್ಲದ ವರ್ಷ ಬೇರೆ ಮಡಿಗಳನ್ನು ಕಡಿಮೆ ಮಾಡಿ ಇದನ್ನೇ ಹೆಚ್ಚಿಸುವುದು ಜಾಣತನ. ಬೆಂಡೆಗೆ ಬೇಸಿಗೆಯ ದೊಡ್ಡ ಶತ್ರು ಹಳದಿ ನಂಜುರೋಗ. ಎಲೆಯ ನರಗಳು ಹಳದಿಯಾಗಿ, ಕಾಯಿ ಬಿಳಿಚಿಕೊಳ್ಳುತ್ತದೆ. ಇದನ್ನು ಹರಡುವುದು ಬಿಳಿನೊಣ. ರೋಗ ತಗಲಿದ ಗಿಡವನ್ನು ಕಿತ್ತು ಹೂಳುವುದಲ್ಲದೆ ಬೇರೆ ಮದ್ದಿಲ್ಲ. ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕಾ ತಳಿಯನ್ನು ಈ ರೋಗವನ್ನು ತಡೆದುಕೊಳ್ಳಲೆಂದೇ ಬೆಳೆಸಲಾಯಿತು. ತೋಟಗಾರಿಕೆಯ ಶಿಕ್ಷಣ ಕೊಡುವ ಕಿತ್ತೂರು ರಾಣಿ ಚೆನ್ನಮ್ಮ ಮಹಾವಿದ್ಯಾಲಯವು ಇದೇ ಸೀಮೆಯ ಅರಭಾವಿಯಲ್ಲಿದೆ.

ಕಬ್ಬು ಕಡಿದ ಮೇಲೆ ಉಳಿಯುವ ರವದಿಯನ್ನು ಸುಟ್ಟುಬಿಡುವುದು ಸಾಮಾನ್ಯ. ಅದನ್ನೇ ಕಾಯಿಪಲ್ಲೆಯ ಸಾಲುಗಳ ನಡುವೆ ಹಾಸಿದರೆ ಮಣ್ಣಿನ ತೇವ ಉಳಿದು, ನೀರು ಹಾಯಿಸುವ ಅಂತರ ಹೆಚ್ಚುತ್ತದೆ. ಒಂದು ಕಡ್ಡಿ ಗೀರಿದರೆ ಮುಗಿಯುವ ಕೆಲಸಕ್ಕೆ ಅರ್ಧ ದಿನ ಹೊರೆ ಹೊರಬೇಕಾದ್ದರಿಂದ ಇದು ರೂಢಿಗೆ ಬರುವುದು ನಿಧಾನ.

ಒಣಗಿಸುವ ವಿಧಾನ

ಹಸಿ ಬೆಂಡೆಯಲ್ಲಿ ನೂರಕ್ಕೆ ಸುಮಾರು ತೊಂಬತ್ತರಷ್ಟು ನೀರಿರುತ್ತದೆ. ಹತ್ತು ಕಿಲೊ ಕಾಯಿ ಒಣಗಿದರೆ ಉಳಿಯುವುದು ಒಂದು ಕಿಲೊಗಿಂತ ತುಸು ಹೆಚ್ಚು. ಸವತೆಯಲ್ಲಿ ನೀರು ಇನ್ನೂ ಹೆಚ್ಚು. ಸಂಡಿಗೆಯ ಹಿಟ್ಟಿಗೆ ಸೇರಿಸದೆ ಅದನ್ನು ಬರಿದೇ ಒಣಗಿಸಿದರೆ ಶ್ರಮಕ್ಕೆ ತಕ್ಕ ಫಲವಿಲ್ಲ. ಕಾಯಿಪಲ್ಲೆ ಕೆಡಿಸುವ ಬೂಷ್ಟು ಮತ್ತು ಸೂಕ್ಷ್ಮಾಣುಗಳಿಗೆ ಬದುಕಲು ನೀರು ಬೇಕು. ಬಿಸಿಲು ಆ ನೀರನ್ನು ತೆಗೆಯುತ್ತದೆ, ಉಪ್ಪು ಹೋಳಿನೊಳಗಿನ ನೀರನ್ನು ಹೊರಕ್ಕೆಳೆಯುತ್ತದೆ, ಮಜ್ಜಿಗೆಯ ಹುಳಿ ಒಣಗುವವರೆಗೆ ಕಾಯುತ್ತದೆ.

ಮೆಣಸಿನಕಾಯಿಯ ಬಾಳಕಕ್ಕೆ ಖಾರ ಕಡಿಮೆಯಿರುವ, ಸಿಪ್ಪೆ ದಪ್ಪಗಿರುವ ಹಸಿ ಕಾಯಿ ಬೇಕು. ಅದನ್ನು ತೊಟ್ಟು ಉಳಿಸಿಕೊಂಡು ಉದ್ದಕ್ಕೆ ಸೀಳಿ, ಉಪ್ಪು ಮತ್ತು ಮೆಂತ್ಯದ ಪುಡಿ ತುಂಬಿ, ರಾತ್ರಿ ಹುಳಿ ಮಜ್ಜಿಗೆಯಲ್ಲಿ ಮುಳುಗಿಸಿಡುತ್ತಾರೆ. ಬೆಳಗ್ಗೆ ಎತ್ತಿ ಬಿಸಿಲಿಗೆ ಹರವಿ, ಸಂಜೆ ಮತ್ತೆ ಅದೇ ಮಜ್ಜಿಗೆಗೆ ಹಾಕುತ್ತಾರೆ. ಮಜ್ಜಿಗೆ ತೀರುವವರೆಗೆ, ಅಂದರೆ ಮೂರು ನಾಲ್ಕು ದಿನ, ಹೀಗೆ ನಡೆಯುತ್ತದೆ. ಆಮೇಲೆ ಬರಿ ಬಿಸಿಲು. ಚವಳಿಕಾಯಿಯನ್ನು ಇಡಿಯಾಗಿ ಉಪ್ಪುನೀರಿನಲ್ಲಿ ಒಂದು ಕುದಿ ಕುದಿಸಿ ಒಣಗಿಸಬೇಕು. ಕುದಿಸದೆ ಒಣಗಿಸಿದ್ದು ಕರಿದಾಗ ನಾರಿನಂತಾಗುತ್ತದೆ. ಹಾಗಲವನ್ನು ಬಿಲ್ಲೆಯಾಗಿ ಹೆಚ್ಚಿ ಉಪ್ಪು ಸವರಿದರೆ ಕಹಿಯ ಒಂದು ಪಾಲು ನೀರಿನೊಂದಿಗೆ ಇಳಿದುಹೋಗುತ್ತದೆ. ಬೆಂಡೆಯನ್ನು ತೊಳೆದು, ಒರೆಸಿ, ಅನಂತರವೇ ಹೆಚ್ಚಬೇಕು. ಹೆಚ್ಚಿದ ಮೇಲೆ ನೀರು ಸೋಕಿದರೆ ಲೋಳೆ. ಮೆಂತೆಯಂಥ ಸೊಪ್ಪಿಗೆ ನೆರಳೇ ಸರಿ. ನೇರ ಬಿಸಿಲು ಅದರ ಬಣ್ಣವನ್ನೂ ಜೀವಸತ್ವಗಳನ್ನೂ ಕೆಡಿಸುತ್ತದೆ.

ಹೋಳು ದಪ್ಪವಾದಷ್ಟೂ ಅಪಾಯ. ಹೊರಮೈ ಬೇಗ ಬಿರುಸಾಗಿ ಒಳಗಿನ ಹಸಿ ಅಲ್ಲೇ ಸಿಕ್ಕಿಬೀಳುತ್ತದೆ. ಮೇಲೆ ನೋಡಲು ಒಣಗಿದ ಕಾಯಿ ತಿಂಗಳೊಳಗೆ ಬೂಷ್ಟು ಹಿಡಿಯುವುದು ಹೀಗೆ. ಒಂದು ಜಾತಿಯ ಬೂಷ್ಟು ಉಂಟುಮಾಡುವ ಅಫ್ಲಟಾಕ್ಸಿನ್ ಎಂಬ ವಿಷ ಯಕೃತ್ತಿಗೆ ಹಾನಿಕರ; ಹುರಿದರೂ ಕರಿದರೂ ಅದು ಪೂರ್ತಿ ನಾಶವಾಗದು. ಬೂಷ್ಟನ್ನು ಒರೆಸಿ ಮತ್ತೆ ಬಿಸಿಲಿಗೆ ಹಾಕುವ ರೂಢಿ ಈ ಕಾರಣಕ್ಕೆ ತಪ್ಪು, ಎಷ್ಟೇ ನಷ್ಟವೆನಿಸಿದರೂ ಅದನ್ನು ಚೆಲ್ಲಲೇಬೇಕು. ಸರಿಯಾಗಿ ಒಣಗಿದ್ದಕ್ಕೆ ಗುರುತು, ಮುರಿದಾಗ ಟಕ್ಕೆನ್ನುವ ಸದ್ದು. ಇನ್ನೊಂದು ಪರೀಕ್ಷೆಯೆಂದರೆ ಮೊದಲ ವಾರ ಗಾಜಿನ ಭರಣಿಯಲ್ಲಿ ಮುಚ್ಚಿಡುವುದು. ಒಳಗೋಡೆ ಬೆವರಿದರೆ ಅದು ಮತ್ತೆ ಮಾಳಿಗೆ ಏರಬೇಕು.

ಖಾರ

ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರದ ಹೆಸರು ಹೊತ್ತ ಸಂಕೇಶ್ವರಿ ಮೆಣಸಿನಕಾಯಿಯನ್ನು ಗಡಿಯಾಚೆಯ ಗಡಹಿಂಗ್ಲಜ ಭಾಗದಲ್ಲೂ ಬೆಳೆಯುತ್ತಾರೆ. ಇದು ಉದ್ದ, ತೆಳು, ಸುಕ್ಕುಗಟ್ಟಿದ ಕಾಯಿ, ಬ್ಯಾಡಗಿಗಿಂತ ಖಾರ. ವರ್ಷದ ಮಸಾಲೆ ಖಾರಕ್ಕೆ ಬಣ್ಣಕ್ಕಾಗಿ ಬ್ಯಾಡಗಿಯನ್ನೂ ಖಾರಕ್ಕಾಗಿ ಇದನ್ನೂ ಕೂಡಿಸಿ, ಉಳ್ಳಾಗಡ್ಡಿ, ಬಳ್ಳೊಳ್ಳಿ, ಒಣಕೊಬ್ಬರಿಗಳೊಂದಿಗೆ ಕುಟ್ಟುತ್ತಾರೆ. ಒರಳು ಒನಕೆಗಳ ಸ್ಥಾನಕ್ಕೆ ಈಗ ಖಾರ ಕುಟ್ಟುವ ಯಂತ್ರ ಬಂದಿದೆ.

ಮಳೆಗೆ ಮುನ್ನ

ಈ ಎಲ್ಲ ಕೆಲಸಕ್ಕೂ ಗಡುವು ವಿಧಿಸುವುದು ಮಳೆನಕ್ಷತ್ರಗಳು. ಏಪ್ರಿಲ್ ಮಧ್ಯದಿಂದ ಅಶ್ವಿನಿ, ಭರಣಿ, ಕೃತ್ತಿಕೆ ಸಾಗಿ, ಮೇ ಕೊನೆಯ ವಾರ ರೋಹಿಣಿ, ಜೂನ್ ಎರಡನೆಯ ವಾರ ಮೃಗಶಿರ ಹೂಡುತ್ತದೆ. ಭರಣಿಯ ಒಂದು ಸಂಜೆಯ ಗುಡುಗುಮಳೆ ಮಾಳಿಗೆಯ ಮೇಲಿನ ವಾರದ ದುಡಿಮೆಯನ್ನು ತೊಯ್ಸಿಬಿಡಬಲ್ಲದು. ಪಡುವಣ ಕಪ್ಪಾದೊಡನೆ ಶಾಲೆಗೆ ರಜೆಯಿರುವ ಮಕ್ಕಳೆಲ್ಲ ಮಾಳಿಗೆಗೆ ಓಡುವುದು ಇದಕ್ಕಾಗಿಯೇ. ಅದೇ ದಿನಗಳಲ್ಲಿ ಶಾವಿಗೆ ಹೊಸೆಯುವುದು, ಹಪ್ಪಳ, ಸಂಡಿಗೆ, ಮಾವಿನ ಉಪ್ಪಿನಕಾಯಿ, ಕುಳ್ಳು ಒಣಗಿಸಿ ಒಟ್ಟುವುದು, ಕಣಕಿಯ ಬಣವೆಗೆ ಮುಚ್ಚಿಗೆ ಹಾಕುವುದು, ತಿಪ್ಪೆಗೊಬ್ಬರವನ್ನು ಹೊಲಕ್ಕೆ ಸಾಗಿಸುವುದು ಎಲ್ಲವೂ ಕೂಡಿ ಬರುತ್ತವೆ. ಒಬ್ಬರಿಂದಾಗದ್ದನ್ನು ನೆರೆಯ ಹೆಂಗಸರು ಮುಯ್ಯಾಳಾಗಿ ಮುಗಿಸುತ್ತಾರೆ. ಇಂದು ಇವರ ಮನೆಯ ಶಾವಿಗೆ, ನಾಳೆ ಅವರ ಮನೆಯದು. ಬೀಜಕ್ಕೆಂದು ಬಿಟ್ಟ ಹೀರೆಯನ್ನು ಬಳ್ಳಿಯಲ್ಲೇ ಒಣಗಿಸಿ ಇಡಿಯಾಗಿ ತೂಗುಹಾಕುತ್ತಾರೆ. ಉಳಿದ ಬೀಜಗಳಿಗೆ ಬೂದಿ ಬೆರೆಸುವುದು ಹುಳದ ಕಾಟಕ್ಕೆ ತಡೆ.

ಇತ್ತೀಚಿನ ಸ್ಥಿತಿ

ಬಾಳಕದ ಲೆಕ್ಕ ಹೊಲದ ಲೆಕ್ಕದಲ್ಲಿ ಸೇರುವುದಿಲ್ಲ. ಸಂತೆಯಲ್ಲಿ ಬೆಲೆ ಬಿದ್ದ ದಿನ ಮಾರದೆ ಮನೆಗೆ ತಂದ ಕಾಯಿ ಗಂಡಸರ ಎಣಿಕೆಯಲ್ಲಿ ನಷ್ಟ, ಮಳೆಗಾಲದ ಅಡುಗೆಮನೆಯಲ್ಲಿ ಅದೇ ಉಳಿತಾಯ. 2000-01ರಲ್ಲಿ ರಾಜ್ಯ ಸರ್ಕಾರದ ಸ್ತ್ರೀಶಕ್ತಿ ಯೋಜನೆ ಆರಂಭವಾದ ಮೇಲೆ ರಾಜ್ಯದ ಅನೇಕ ಸ್ವಸಹಾಯ ಗುಂಪುಗಳು ಹಪ್ಪಳ, ಸಂಡಿಗೆ, ಖಾರದ ಪುಡಿಗಳನ್ನು ಮಾರಾಟಕ್ಕೆ ತಂದವು. ಹಾಗೆ ಮಾರಿದಾಗ ಮಾತ್ರ ಈ ದುಡಿಮೆಗೆ ಬೆಲೆ ಕಟ್ಟಿದಂತಾಯಿತು. 2019ರ ಆಗಸ್ಟ್ ತಿಂಗಳಲ್ಲಿ ಘಟಪ್ರಭೆಗೆ ನೆರೆ ಬಂದಾಗ ದಂಡೆಯ ಅನೇಕ ಊರುಗಳ ಮನೆಗಳಿಗೆ ನೀರು ನುಗ್ಗಿತು. ನದಿಯ ಬದಿಯ ಮನೆಗಳಲ್ಲಿ ಬಾಳಕದ ಡಬ್ಬಿಗಳಿಗೆ ನೆಲಕ್ಕಿಂತ ಅಟ್ಟವೇ ಸರಿಯಾದ ಜಾಗ. ಮಣ್ಣಿನ ಮಾಳಿಗೆಗಳು ಹೋಗಿ ಸಿಮೆಂಟಿನ ತಾರಸಿಗಳು ಬಂದಿರುವುದರಿಂದ ಒಣಗಿಸುವ ಜಾಗಕ್ಕೇನೂ ಕೊರತೆಯಾಗಿಲ್ಲ. ಕಾದ ಸಿಮೆಂಟಿನ ಮೇಲೆ ಹೋಳು ಬೇಗ ಒಣಗುತ್ತದೆ; ಆದರೆ ಧೂಳು ತಡೆಯಲು ಕೆಳಗೊಂದು ಹಳೆಯ ಸೀರೆ, ಮೇಲೊಂದು ತೆಳು ಬಟ್ಟೆ ಇರಲೇಬೇಕು.