ಹಸಿರು ಚುಕ್ಕಿ ಇದೆಯಲ್ಲ ಮೇಡಂ!

ಕಾಲೇಜ್ ಫೆಸ್ಟ್ ದಿನ ರೂಮ್‌ಮೇಟ್ ಲಿಪ್‌ಸ್ಟಿಕ್ ಕೊಟ್ಟಾಗ ನಾನು ನೋಡಿದ್ದು ಬಣ್ಣವನ್ನಲ್ಲ, ಡಬ್ಬಿಯ ಹಿಂದಿನ ಇರುವೆಯಂಥ ಅಕ್ಷರಗಳನ್ನು. ‘ಏನೇ, ಎಕ್ಸ್‌ಪೈರಿ ಡೇಟ್ ನೋಡ್ತಿದೀಯಾ?’ ಅಂದಳು. ಅಲ್ಲ, ಗೋಧಿ ಹುಡುಕುತ್ತಿದ್ದೆ.

ನನಗೆ ಸೀಲಿಯಾಕ್ ಕಾಯಿಲೆ. ಗೋಧಿ, ಬಾರ್ಲಿ, ರೈಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್ ಹೊಟ್ಟೆಗೆ ಹೋದರೆ ನನ್ನದೇ ರೋಗನಿರೋಧಕ ವ್ಯವಸ್ಥೆ ನನ್ನ ಸಣ್ಣ ಕರುಳಿನ ಮೇಲೆ ತಿರುಗಿ ಬೀಳುತ್ತದೆ. ಮಾತ್ರೆಯಿಂದ ವಾಸಿಯಾಗುವುದಿಲ್ಲ, ಜೀವನಪೂರ್ತಿ ಪಥ್ಯ. ಪಿಯುಸಿಯಲ್ಲಿ ಇದು ಗೊತ್ತಾದಾಗ ಮುದ್ದೆ, ಅನ್ನ, ಜೋಳದ ರೊಟ್ಟಿ ಇರುವ ಸೀಮೆಯಲ್ಲಿ ಹುಟ್ಟಿದ್ದೇ ಪುಣ್ಯ ಅಂದುಕೊಂಡೆವು. ಚಪಾತಿ, ಉಪ್ಪಿಟ್ಟು, ಬ್ರೆಡ್ ಬಿಟ್ಟೆ. ಅಂಗಡಿಯ ಪುಡಿ ಇಂಗಿಗೂ ಸಾಮಾನ್ಯವಾಗಿ ಗೋಧಿ ಹಿಟ್ಟು ಬೆರೆಸುತ್ತಾರೆಂದು ತಿಳಿದ ಮೇಲೆ ಅಮ್ಮನ ಒಗ್ಗರಣೆಯಿಂದ ಇಂಗೂ ಹೋಯಿತು.

ಆದರೂ ಹಾಸ್ಟೆಲ್‌ಗೆ ಬಂದ ವರ್ಷ ರಕ್ತಪರೀಕ್ಷೆಯಲ್ಲಿ ಟಿಟಿಜಿ ಇಳಿಯಲೇ ಇಲ್ಲ. ‘ಊಟ ಸರಿ, ತುಟಿಗೇನು ಹಚ್ಚುತ್ತೀಯಮ್ಮ?’ ಎಂದು ಡಾಕ್ಟರ್ ಕೇಳಿದರು. ಬ್ಯಾಗಿನಲ್ಲಿದ್ದ ಲಿಪ್ ಬಾಮ್ ತೆಗೆದು ನೋಡಿದರೆ ‘ಟ್ರಿಟಿಕಮ್ ವಲ್ಗರೆ’ ಎಂದಿತ್ತು. ಲ್ಯಾಟಿನ್‌ನಲ್ಲಿ ಗೋಧಿ! ಬಾರ್ಲಿ ‘ಹಾರ್ಡಿಯಮ್ ವಲ್ಗರೆ’ ಆಗಿರುತ್ತದೆ, ರೈ ‘ಸೆಕೇಲ್ ಸಿರಿಯೇಲ್’. ನಾನು ಓದುತ್ತಿರುವುದು ಎಂಜಿನಿಯರಿಂಗ್, ಬಾಯಿಪಾಠ ಮಾಡಿದ್ದು ಸಸ್ಯಶಾಸ್ತ್ರ.

ಲಿಪ್ ಬಾಮ್ ಎಸೆದೆ. ಅದೇ ವಾರ ಮೆಸ್ಸಿನ ಸಾಂಬಾರನ್ನೂ ಬಿಟ್ಟೆ. ಆರು ತಿಂಗಳಿಗೆ ಟಿಟಿಜಿ ಇಳಿಯಿತು. ತಪ್ಪು ಯಾರದು, ಬಾಮ್‌ದೋ ಇಂಗಿನದೋ? ಲ್ಯಾಬ್‌ನಲ್ಲಿ ಎರಡು ವೇರಿಯಬಲ್ ಒಟ್ಟಿಗೆ ಬದಲಿಸಿದರೆ ಮೇಷ್ಟ್ರು ಬೈಯುತ್ತಾರೆ, ನಾನು ಅದನ್ನೇ ಮಾಡಿದ್ದೆ. ಬಾಮ್‌ನಿಂದ ಹೊಟ್ಟೆ ಸೇರುವುದು ತೀರಾ ಕಡಿಮೆ, ಹಾಗಾಗಿ ನನ್ನ ಅನುಮಾನ ಸಾಂಬಾರಿನ ಮೇಲೇ ಹೆಚ್ಚು.

ಗಾಬರಿಯಲ್ಲಿ ‘ಹೈಡ್ರೊಲೈಜ್ಡ್ ವೀಟ್ ಪ್ರೋಟೀನ್’ ಇದ್ದ ಹೊಸ ಶಾಂಪೂವನ್ನೂ ಬಿಸಾಡಿದ್ದೆ. ಅದು ದಂಡವಾಯಿತು. ಗ್ಲುಟೆನ್ ಗಾಯವಿಲ್ಲದ ಚರ್ಮದೊಳಗೆ ಇಳಿಯುವುದಿಲ್ಲ, ಸೀಲಿಯಾಕ್‌ನವರಿಗೆ ನುಂಗಿದ್ದಷ್ಟೇ ಲೆಕ್ಕ. ಗೋಧಿ ಅಲರ್ಜಿ ಇರುವವರ ಕಥೆ ಬೇರೆ, ಅವರಿಗೆ ಚರ್ಮಕ್ಕೆ ತಾಗಿದರೂ ತುರಿಕೆ ಬರಬಹುದು. ನಾನು ನೋಡಬೇಕಾದ್ದು ತುಟಿ, ಹಲ್ಲು, ಬಾಯಿ ಮುಕ್ಕಳಿಸುವ ದ್ರವ. ಜೊತೆಗೆ ಕೈ. ಹ್ಯಾಂಡ್ ಕ್ರೀಮ್ ಬಗ್ಗೆ ಚಮಚದಲ್ಲಿ ತಿನ್ನುವವರು ಅಷ್ಟಾಗಿ ತಲೆಕೆಡಿಸಿಕೊಳ್ಳದಿರಬಹುದು, ನಾವು ಅನ್ನ ಕಲಸುವುದೇ ಕೈಯಲ್ಲಿ.

ಟೂತ್‌ಪೇಸ್ಟ್ ವಿಚಾರಿಸಲು ಒಂದು ಕಂಪನಿಯ ಗ್ರಾಹಕ ಸೇವೆಗೆ ಫೋನ್ ಮಾಡಿದೆ. ‘ಗ್ಲುಟೆನ್ ಇದೆಯಾ ಸರ್?’ ‘ಹಸಿರು ಚುಕ್ಕಿ ಇದೆಯಲ್ಲ ಮೇಡಂ, ಪ್ಯೂರ್ ವೆಜ್!’ ಗೋಧಿಯೂ ಪ್ಯೂರ್ ವೆಜ್ಜೇ ಎಂದು ಹೇಳುವಷ್ಟರಲ್ಲಿ ಕರೆ ಕಟ್ಟಾಯಿತು. ಬಿಸ್ಕತ್ತಿನ ಮೇಲೆ ‘ಗ್ಲುಟೆನ್ ಫ್ರೀ’ ಎಂದು ಬರೆಯಬೇಕಾದರೆ ಕೆ.ಜಿ.ಗೆ 20 ಮಿಲಿಗ್ರಾಂ ಮೀರಿರಬಾರದು ಎಂಬ ಎಫ್ಎಸ್ಎಸ್ಎಐ ನಿಯಮವಿದೆ. ಅದು ಆಹಾರಕ್ಕೆ. ಲಿಪ್‌ಸ್ಟಿಕ್ ಆಹಾರವಲ್ಲ, ನಿಜ. ಆದರೆ ಹಚ್ಚಿಕೊಂಡದ್ದು ಸಂಜೆಗೆ ಎಲ್ಲಿ ಹೋಗಿರುತ್ತದೆ? ಲ್ಯಾಟಿನ್ ಹೆಸರಿನ ಪಕ್ಕ ‘ಗೋಧಿ’ ಎಂದು ಎರಡಕ್ಷರ ಅಚ್ಚು ಹಾಕಿದರೆ ಸಾಕು.

‘ಅದೆಲ್ಲ ಯಾಕೆ, ಕಡಲೆಹಿಟ್ಟು ಹಚ್ಕೋ’ ಎಂದರು ಅಜ್ಜಿ. ಕಡಲೆಯಲ್ಲಿ ಗ್ಲುಟೆನ್ ಇಲ್ಲ. ಆದರೆ ನಮ್ಮ ಬೀದಿಯ ಗಿರಣಿಯಲ್ಲಿ ಕಡಲೆಗೆ ಮುಂಚೆ ಗೋಧಿ ಬೀಸಿರುತ್ತಾರೆ! ಈಗ ಕಡಲೆಬೇಳೆಯನ್ನು ಅಮ್ಮ ಮನೆಯ ಮಿಕ್ಸಿಯಲ್ಲೇ ಪುಡಿ ಮಾಡಿ ಕಳಿಸುತ್ತಾರೆ.

ಫೆಸ್ಟ್‌ನ ಆ ಲಿಪ್‌ಸ್ಟಿಕ್‌ನಲ್ಲಿ ಗೋಧಿಯ ಹೆಸರು ಕಾಣಲಿಲ್ಲ, ಹಚ್ಚಿಕೊಂಡೆ. ಅಂದಿನಿಂದ ರೂಮ್‌ಮೇಟ್ ಅಂಗಡಿಗೆ ಹೋದಾಗಲೆಲ್ಲ ಲೇಬಲ್ ಫೋಟೊ ತೆಗೆದು ವಾಟ್ಸ್ಆ್ಯಪ್ ಮಾಡುತ್ತಾಳೆ. ಮೊನ್ನೆ ಕಾಡಿಗೆಯದೂ ಬಂತು: ‘ಇದು ನಡಿಯತ್ತಾ?’

‘ಕಾಡಿಗೆ ತಿನ್ನಲ್ಲ ಕಣೇ’ ಎಂದು ಉತ್ತರಿಸಿದೆ.