ಎಂಟು ಗಂಟೆ, ನಾಲ್ಕು ವೇದಿಕೆ: ಸಂಗೀತೋತ್ಸವದ ಒಂದು ದಿನದ ಲೆಕ್ಕ

ಬೆಂಗಳೂರು: ವರ್ಷಕ್ಕೊಮ್ಮೆ ಸಿಗುವ ಹಳೆಯ ಗೆಳೆಯರು ಒಂದೆಡೆ, ವರ್ಷವಿಡೀ ಕಾದು ಕುಳಿತಿದ್ದ ಬ್ಯಾಂಡ್ ಇನ್ನೊಂದೆಡೆ. ಎರಡಕ್ಕೂ ಇರುವುದು ಒಂದೇ ಸಂಜೆ. ಬಯಲಿನಲ್ಲಿ ನಡೆಯುವ ಸಂಗೀತೋತ್ಸವಕ್ಕೆ ಹೋದವರಾರೂ ಈ ಇಕ್ಕಟ್ಟಿಗೆ ಸಿಲುಕದೆ ಮರಳುವುದಿಲ್ಲ. ಕೊಟ್ಟ ಹಣಕ್ಕೆ ಎಲ್ಲವನ್ನೂ ನೋಡಬಹುದೆಂಬ ನಂಬಿಕೆಯಿಂದ ಒಳಹೊಕ್ಕವರು ಅರ್ಧವನ್ನೂ ನೋಡದೆ ಹೊರಬರುತ್ತಾರೆ. ಹೀಗಾಗುವುದೇಕೆ? ಇರುವ ಒಂದು ದಿನವನ್ನು ಹಂಚಿಕೊಳ್ಳುವ ಬಗೆ ಹೇಗೆ?

ಬೆಂಗಳೂರಿಗೆ ಇಂತಹ ಉತ್ಸವಗಳು ಹೊಸತೇನಲ್ಲ. ಸ್ವಾತಂತ್ರ್ಯ ದಿನದ ಆಸುಪಾಸಿನಲ್ಲಿ ಉಚಿತ ಪ್ರವೇಶದೊಂದಿಗೆ ನಡೆಯುತ್ತಿದ್ದ ‘ಫ್ರೀಡಂ ಜಾಮ್’ ಆರಂಭವಾದದ್ದು 1996ರಲ್ಲಿ. ನಗರದ ‘ಥರ್ಮಲ್ ಅಂಡ್ ಎ ಕ್ವಾರ್ಟರ್’ ಬ್ಯಾಂಡ್ ಹುಟ್ಟಿದ್ದೂ ಅದೇ ವರ್ಷ. ಅರಮನೆ ಮೈದಾನದಲ್ಲಿ 2007ರ ಮಾರ್ಚ್ 17ರಂದು ಬ್ರಿಟನ್ನಿನ ‘ಐರನ್ ಮೇಡನ್’, 2011ರ ಅಕ್ಟೋಬರ್ 30ರಂದು ಅಮೆರಿಕದ ‘ಮೆಟಾಲಿಕಾ’ ತಂಡಗಳು ಕಾರ್ಯಕ್ರಮ ನೀಡಿದವು. ಈ ನಡುವೆ ಕನ್ನಡವೂ ರಾಕ್ ವೇದಿಕೆಯನ್ನೇರಿತು. ‘ರಘು ದೀಕ್ಷಿತ್ ಪ್ರಾಜೆಕ್ಟ್’ ತಂಡವು ಶಿಶುನಾಳ ಶರೀಫರ ಪದಗಳನ್ನು ಗಿಟಾರ್, ಡ್ರಮ್‌ಗಳೊಂದಿಗೆ ಹೊಸ ತಲೆಮಾರಿಗೆ ಮುಟ್ಟಿಸಿತು. ಮರುಬಳಕೆಯ ವಸ್ತುಗಳಿಂದಲೇ ವೇದಿಕೆ ಕಟ್ಟುವ ‘ಎಕೋಸ್ ಆಫ್ ಅರ್ತ್’ ಉತ್ಸವ 2016ರಲ್ಲಿ ಆರಂಭಗೊಂಡಿತು.

ಹತ್ತು ಗಂಟೆಯ ಗಡುವು

ಉತ್ಸವಗಳು ಸುಡುಬಿಸಿಲಿನಲ್ಲೇ ಏಕೆ ಆರಂಭವಾಗುತ್ತವೆಂಬುದು ಹಲವರ ಪ್ರಶ್ನೆ. ಉತ್ತರ ಕಾನೂನಿನಲ್ಲಿದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಸಾಂಸ್ಕೃತಿಕ, ಧಾರ್ಮಿಕ ಸಂದರ್ಭಗಳಿಗಾಗಿ ವರ್ಷದಲ್ಲಿ 15 ದಿನಗಳಿಗೆ ಮೀರದಂತೆ ಮಧ್ಯರಾತ್ರಿಯವರೆಗೆ ಸಡಿಲಿಕೆ ನೀಡುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆಯಾದರೂ, ಅದನ್ನೇ ನೆಚ್ಚಿಕೊಂಡು ಸಂಘಟಕರು ವೇಳಾಪಟ್ಟಿ ಹಾಕಲಾರರು.

ಹೀಗಾಗಿ ಮಧ್ಯಾಹ್ನ 2ರಿಂದ ರಾತ್ರಿ 10ರವರೆಗೆ ಎಂಟು ಗಂಟೆ ಮಾತ್ರ ಉಳಿಯುತ್ತದೆ. ಒಂದು ಬ್ಯಾಂಡಿಗೆ 40 ನಿಮಿಷ, ವಾದ್ಯಗಳ ಬದಲಾವಣೆಗೆ 20 ನಿಮಿಷ ಎಂದಿಟ್ಟುಕೊಂಡರೂ ಒಂದು ವೇದಿಕೆಯಲ್ಲಿ ಎಂಟು ತಂಡಗಳಷ್ಟೇ ನುಡಿಸಬಲ್ಲವು. ನಾಲ್ಕು ವೇದಿಕೆಗಳೆಂದರೆ 32 ತಂಡಗಳು. ಪ್ರತಿಯೊಂದನ್ನೂ ಪೂರ್ತಿ ಕೇಳಬೇಕೆಂದು ಹಟ ಹಿಡಿದವರಿಗೂ ಎಂಟಕ್ಕಿಂತ ಹೆಚ್ಚು ದಕ್ಕುವುದು ಕಷ್ಟ. ಊಟ, ಶೌಚಾಲಯದ ಸರದಿ, ಗೆಳೆಯರ ಹುಡುಕಾಟ ಸೇರಿದರೆ ನಾಲ್ಕೋ ಐದೋ. ಕಳೆದುಕೊಳ್ಳುವುದು ಎಷ್ಟೆಂಬುದು ಮೊದಲೇ ನಿಶ್ಚಿತ. ಯಾವುದನ್ನು ಕಳೆದುಕೊಳ್ಳಬೇಕೆಂಬುದಷ್ಟೇ ನಮ್ಮ ಕೈಯಲ್ಲಿದೆ.

ಆ 20 ನಿಮಿಷಗಳಲ್ಲಿ ತೆರೆಯ ಹಿಂದೆ ನಡೆಯುವ ಕೆಲಸವೂ ಕಡಿಮೆಯದಲ್ಲ. ಧ್ವನಿ ಪರೀಕ್ಷೆ ಸಾಮಾನ್ಯವಾಗಿ ಹಿಮ್ಮುಖ ಕ್ರಮದಲ್ಲಿ ನಡೆಯುತ್ತದೆ. ರಾತ್ರಿ ಕೊನೆಗೆ ನುಡಿಸುವ ಪ್ರಮುಖ ತಂಡ ಎಲ್ಲರಿಗಿಂತ ಮೊದಲು ವಾದ್ಯ ಜೋಡಿಸಿ ಪರೀಕ್ಷಿಸುತ್ತದೆ. ಮೊದಲು ನುಡಿಸಬೇಕಾದ ತಂಡದ್ದು ಕೊನೆಯ ಸರದಿ. ಹಾಗಾದಾಗ ಬಾಗಿಲು ತೆರೆಯುವ ಹೊತ್ತಿಗೆ ಮೊದಲ ತಂಡದ ವಾದ್ಯಗಳು ಸಿದ್ಧವಾಗಿಯೇ ಇರುತ್ತವೆ. ಆದರೆ ಎಲ್ಲಿಯೋ ತಡವಾದರೆ ಆ ಕಿರಿಯ ತಂಡದ ಪರೀಕ್ಷೆಗೇ ಕತ್ತರಿ ಬೀಳುತ್ತದೆ. ಬಿಸಿಲಿನಲ್ಲಿ ನೂರೇ ಜನರೆದುರು ನುಡಿಸುವ ಆ ತಂಡ ಬಹುಪಾಲು ನಮ್ಮೂರಿನದೇ ಆಗಿರುತ್ತದೆ. ಸಾಧ್ಯವಿದ್ದವರು 2 ಗಂಟೆಗೇ ಬರುವುದು ಒಳಿತು.

ಗೆಳೆಯರು ಸಿಗುವುದೆಲ್ಲಿ?

ಸಾವಿರಾರು ಮೊಬೈಲುಗಳು ಒಂದೇ ಮೈದಾನದಲ್ಲಿ ಸೇರಿದಾಗ ಕರೆಗಳು ಕೈಕೊಡುವುದು ಸಾಮಾನ್ಯ. ‘ಎಲ್ಲಿದ್ದೀಯಾ’ ಎಂಬ ಸಂದೇಶ ಅರ್ಧ ಗಂಟೆ ತಡವಾಗಿ ತಲುಪಿದರೆ ಉಪಯೋಗವಿಲ್ಲ. ಆದ್ದರಿಂದ ಭೇಟಿಯ ಜಾಗವನ್ನೂ ಸಮಯವನ್ನೂ ಮನೆಯಲ್ಲೇ ನಿಶ್ಚಯಿಸಿಕೊಳ್ಳಬೇಕು. ಅತ್ಯುತ್ತಮ ಜಾಗವೆಂದರೆ ಪ್ರೇಕ್ಷಕರ ನಡುವೆ ವೇದಿಕೆಗೆ ಎದುರಾಗಿರುವ ಧ್ವನಿ ನಿಯಂತ್ರಣದ ಡೇರೆ. ಅದು ದೂರದಿಂದಲೇ ಕಾಣುತ್ತದೆ, ರಾತ್ರಿಯವರೆಗೂ ಕದಲುವುದಿಲ್ಲ. ಇಂಜಿನಿಯರ್ ಅಲ್ಲಿಯೇ ನಿಂತು ತನ್ನ ಕಿವಿಗೆ ಸರಿಹೊಂದುವಂತೆ ಧ್ವನಿಯನ್ನು ಹದಗೊಳಿಸುವುದರಿಂದ ಮೈದಾನದಲ್ಲೇ ಉತ್ತಮವಾದ ನಾದವೂ ಅದರ ಪಕ್ಕದಲ್ಲಿಯೇ ಕೇಳುತ್ತದೆ.

ಈ ಪಾಠ ನಮಗೆ ತಡವಾಗಿ ಬಂತು. 2007ರಲ್ಲಿ ಅರಮನೆ ಮೈದಾನಕ್ಕೆ ಒಟ್ಟಿಗೆ ಹೋಗಿದ್ದ ಕಾಲೇಜಿನ ನಾಲ್ವರಲ್ಲಿ ಇಂದು ಒಬ್ಬ ಹುಬ್ಬಳ್ಳಿಯಲ್ಲಿ, ಒಬ್ಬ ಮಂಗಳೂರಿನಲ್ಲಿ, ಇಬ್ಬರು ಬೆಂಗಳೂರಿನಲ್ಲಿದ್ದೇವೆ. ಒಂದೇ ನಗರದಲ್ಲಿರುವ ನಾವಿಬ್ಬರು ಕೂಡ ಭೇಟಿಯಾಗುವುದು ಉತ್ಸವದಲ್ಲೇ ಎಂದು ಹೇಳಲು ಸಂಕೋಚವಾಗುತ್ತದೆ. ಕೆಲವು ವರ್ಷಗಳ ಹಿಂದೆ ಹುಬ್ಬಳ್ಳಿಯವನು ಸಂಜೆ 6ಕ್ಕೆ ಬಂದಿಳಿದಾಗ ನಾವು ಒಂದು ಬ್ಯಾಂಡಿಗಾಗಿ ಮುಂದಿನ ಸಾಲಿನಲ್ಲಿದ್ದೆವು. ಕರೆ ಹೋಗಲಿಲ್ಲ. ಒಂದು ಗಂಟೆ ಕಾಲ ಆತ ಒಬ್ಬನೇ ಮೈದಾನವನ್ನು ಸುತ್ತಿದ. ನಾವು ಕೇಳಿದ ಹಾಡುಗಳಲ್ಲಿ ಒಂದೂ ಈಗ ನೆನಪಿನಲ್ಲಿಲ್ಲ; ಸಿಕ್ಕಾಗ ಆತನ ಮುಖ ಹೇಗಿತ್ತೆಂಬುದು ಮಾತ್ರ ಚೆನ್ನಾಗಿ ನೆನಪಿದೆ.

ಕಿವಿಯ ಬೆಲೆ

ಆ ಗೆಳೆಯ ಒಂದು ಕಾಲದಲ್ಲಿ ನಮ್ಮ ಕಾಲೇಜು ಬ್ಯಾಂಡಿನ ಡ್ರಮ್ಮರ್. ಕಿಟಕಿಯಿಲ್ಲದ ಕೋಣೆಯಲ್ಲಿ ವರ್ಷಗಟ್ಟಲೆ ಅಭ್ಯಾಸ ಮಾಡಿದವನು. ಈಗ ಆತನ ಕಿವಿಯಲ್ಲಿ ಹಗಲಿರುಳೂ ಸಣ್ಣನೆಯ ಗುಂಯ್‌ಗುಡುವಿಕೆ ಇದೆ. ವೈದ್ಯಕೀಯದಲ್ಲಿ ಇದನ್ನು ಟಿನ್ನಿಟಸ್ ಎನ್ನುತ್ತಾರೆ. ಒಳಗಿವಿಯ ಸೂಕ್ಷ್ಮ ಕೂದಲಕೋಶಗಳು ಒಮ್ಮೆ ನಾಶವಾದರೆ ಮತ್ತೆ ಬೆಳೆಯುವುದಿಲ್ಲ.

ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಶೋಧನಾ ಸಂಸ್ಥೆಯ ಲೆಕ್ಕದಂತೆ 85 ಡೆಸಿಬಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ತಾಳಿಕೊಳ್ಳಬಹುದು. ಸದ್ದು 3 ಡೆಸಿಬಲ್ ಏರಿದಾಗಲೆಲ್ಲ ಈ ಅವಧಿ ಅರ್ಧಕ್ಕಿಳಿಯುತ್ತದೆ. 100 ಡೆಸಿಬಲ್‌ಗೆ ಉಳಿಯುವುದು ಕೇವಲ 15 ನಿಮಿಷ. ಸಂಗೀತ ಸ್ಥಳಗಳಲ್ಲಿ ಸರಾಸರಿ ಸದ್ದು 100 ಡೆಸಿಬಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸೂಚಿಸಿದೆ. ಇದಕ್ಕೆ ಪರಿಹಾರ ಸರಳ: ಕಿವಿಬೆಣೆ ಧರಿಸುವುದು, ಧ್ವನಿವರ್ಧಕಗಳಿಂದ ದೂರ ನಿಲ್ಲುವುದು, ನಡುನಡುವೆ ಸದ್ದಿಲ್ಲದ ಮೂಲೆಗೆ ಸರಿಯುವುದು. ಮಕ್ಕಳಿಗಂತೂ ಕಿವಿಮುಚ್ಚುಗೆ ಕಡ್ಡಾಯವೆಂದೇ ತಿಳಿಯಬೇಕು.

ಆ ಮೂಲೆಯಲ್ಲಿಯೇ ಗೆಳೆಯರ ಮಾತಿಗೂ ಎಡೆಯಿದೆ ಎಂಬುದು ನಾವು ಕಂಡುಕೊಂಡ ಸಂಗತಿ. ಕಳೆದ ಬಾರಿ ನಾಲ್ವರೂ ಒಂದು ನಿಯಮ ಮಾಡಿಕೊಂಡೆವು. ಮೂರು ಬ್ಯಾಂಡುಗಳನ್ನು ಪೂರ್ತಿ ಕೇಳುವುದು. 6ರಿಂದ 7ರವರೆಗೆ ಯಾವ ತಂಡವೇ ನುಡಿಸುತ್ತಿರಲಿ, ಚಹಾ ಅಂಗಡಿಯ ಬಳಿ ಕೂರುವುದು. ಡ್ರಮ್ಮರ್ ಈ ಬಾರಿ ಮಗಳನ್ನೂ ಕರೆತಂದಿದ್ದ. ದೊಡ್ಡ ಕಿವಿಮುಚ್ಚುಗೆ ತೊಟ್ಟ ಹುಡುಗಿ ನೆಲದ ಕಂಪನಕ್ಕೇ ತಾಳ ಹಾಕುತ್ತಿದ್ದಳು. ದೂರದ ವೇದಿಕೆಯಲ್ಲಿ ನಮಗೆಲ್ಲ ಪ್ರಿಯವಾದ ಬ್ಯಾಂಡ್ ನುಡಿಸುತ್ತಿದ್ದರೂ ಯಾರೂ ಏಳಲಿಲ್ಲ.

ರಾತ್ರಿ 10ಕ್ಕೆ ಸರಿಯಾಗಿ ಎಲ್ಲ ಸದ್ದೂ ನಿಂತಿತು. ‘ನಿಮಗೆ ಮುಗಿಯಿತು, ನನಗೆ ಇನ್ನೂ ನಡೆಯುತ್ತಿದೆ’ ಎಂದು ಆತ ಕಿವಿ ತೋರಿಸಿ ನಕ್ಕ. ವಾಹನ ನಿಲುಗಡೆಯ ಕಡೆ ನಡೆಯುತ್ತಲೇ ಮುಂದಿನ ವರ್ಷದ ಭೇಟಿಯನ್ನು ನಿಶ್ಚಯಿಸಿದೆವು: ಧ್ವನಿ ನಿಯಂತ್ರಣದ ಡೇರೆ, ಬಲಬದಿ, ಮಧ್ಯಾಹ್ನ 2 ಗಂಟೆ.