ಬಿಸಿಲಿನ ಬಿಲ್ಲೆಯೂ ಕಾಡಿನ ಚಿಟ್ಟೆಯೂ

ಚಿಟ್ಟೆ ಎಂದೊಡನೆ ನಮ್ಮ ಮನಸ್ಸಿಗೆ ಹೂವು ತೋರುತ್ತದೆ. ಇವೆರಡರ ನಂಟು ಎಲ್ಲರೂ ಬಲ್ಲ ಸಂಗತಿ. ಆದರೆ ಹೂವಿಗಿಂತಲೂ ಮೊದಲು ಚಿಟ್ಟೆಗೆ ಬೇಕಾದ ವಸ್ತು ಇನ್ನೊಂದುಂಟು, ಅದು ಬಿಸಿಲು. ಹೂವಿನಲ್ಲಿ ಎಷ್ಟೇ ಮಧುವಿರಲಿ, ಬಿಸಿಲಿಲ್ಲದ ತಣ್ಣನೆಯ ದಿನ ಚಿಟ್ಟೆ ಅಲ್ಲಿಯವರೆಗೆ ಹಾರಿಹೋಗಲಾರದು. ನಮ್ಮ ಬಯಲುಸೀಮೆಯಲ್ಲಿ ಬಿಸಿಲಿಗೆ ಬಡತನವಿಲ್ಲದುದರಿಂದ ಈ ಮಾತಿನ ನಿಜ ಅಷ್ಟಾಗಿ ಗೋಚರಿಸುವುದಿಲ್ಲ. ಬಿಸಿಲು ದುರ್ಲಭವಾದ ನಾಡಿನಲ್ಲಿ, ಅದರಲ್ಲಿಯೂ ಮರಗಳ ನೆರಳು ಕವಿದ ಕಾಡಿನಲ್ಲಿ, ಅದು ಕಣ್ಣಿಗೆ ಕಟ್ಟುವಂತೆ ಕಾಣುತ್ತದೆ.

ದಕ್ಷಿಣ ಇಂಗ್ಲೆಂಡಿನ ಓಕ್ ಕಾಡುಗಳು ಅಂತಹ ಸ್ಥಳ. ಅಲ್ಲಿ ಬೇಸಗೆಯೆಂದರೆ ಜೂನ್, ಜುಲೈ, ಆಗಸ್ಟ್ ತಿಂಗಳುಗಳು. ಕೆಲವು ವರ್ಷ ಅಟ್ಲಾಂಟಿಕ್ ಸಾಗರದ ಕಡೆಯಿಂದ ಮೋಡಗಳು ಸಾಲುಸಾಲಾಗಿ ಬಂದು, ಗಳಿಗೆಗೊಮ್ಮೆ ಬಿಸಿಲು ಗಳಿಗೆಗೊಮ್ಮೆ ಮಳೆ ಎಂಬಂತಾಗಿ, ಬೇಸಗೆಯೇ ತಣ್ಣಗಾಗಿಬಿಡುತ್ತದೆ. ಬ್ರಿಟನ್ನಿನಲ್ಲಿ ೨೦೨೪ರ ಬೇಸಗೆ ಇಂತಹುದು. ೨೦೧೫ರಿಂದ ಈಚೆಗೆ ಅಷ್ಟು ತಂಪಾದ ಬೇಸಗೆ ಬಂದಿರಲಿಲ್ಲ. ಇಂತಹ ದಿನಗಳಲ್ಲಿ ಕಾಡಿನ ಚಿಟ್ಟೆಗಳನ್ನು ಎಲ್ಲಿ ಹುಡುಕಬೇಕು? ಅವುಗಳ ಛಾಯಾಚಿತ್ರವನ್ನು ಹೇಗೆ ತೆಗೆಯಬೇಕು? ಅವು ಕಾಣದೆ ಹೋದರೆ ಏನೆಂದು ಅರ್ಥಮಾಡಬೇಕು? ಈ ಮೂರು ಪ್ರಶ್ನೆಗಳೂ ಮೇಲುನೋಟಕ್ಕೆ ಜೀವಶಾಸ್ತ್ರಕ್ಕೆ ಸೇರಿದವು. ಆದರೆ ಉತ್ತರದ ಬಹುಭಾಗ ನಮ್ಮ ಭೌತವಿಜ್ಞಾನದಲ್ಲಿದೆ.

ಬಿಸಿಲಿನಿಂದ ನಡೆಯುವ ಯಂತ್ರ

ಚಿಟ್ಟೆಯ ರೆಕ್ಕೆಗಳನ್ನು ಬಡಿಯುವ ಸ್ನಾಯುಗಳು ಅದರ ಎದೆಯ ಭಾಗದಲ್ಲಿವೆ. ಅವು ಚುರುಕಾಗಿ ಕೆಲಸಮಾಡಬೇಕಾದರೆ ಅಲ್ಲಿಯ ಉಷ್ಣತೆ ಸುಮಾರು ೩೦ರಿಂದ ೩೫ ಡಿಗ್ರಿ ಸೆಂಟಿಗ್ರೇಡಿನಷ್ಟಿರಬೇಕು. ನಮ್ಮ ದೇಹ ಉಂಡ ಅನ್ನದಿಂದಲೇ ತನ್ನ ಶಾಖವನ್ನು ಕಾಪಾಡಿಕೊಳ್ಳುತ್ತದೆ. ಚಿಟ್ಟೆಗೆ ಆ ಸೌಕರ್ಯವಿಲ್ಲ. ಗಾಳಿ ೧೭ ಡಿಗ್ರಿಯಿದ್ದರೆ ಮಿಕ್ಕ ಹದಿಮೂರು ಡಿಗ್ರಿಗಳನ್ನು ಅದು ಸೂರ್ಯನಿಂದಲೇ ಸಂಪಾದಿಸಬೇಕು.

ಈ ಸಂಪಾದನೆ ಹೇಗೆ ಸಾಧ್ಯ? ನಿರ್ಮಲವಾದ ಮಧ್ಯಾಹ್ನ, ಸೂರ್ಯನಿಗೆ ಎದುರಾಗಿ ಹಿಡಿದ ಒಂದು ಚದರ ಮೀಟರಿನ ಮೇಲೆ ಸುಮಾರು ೧೦೦೦ ವ್ಯಾಟಿನಷ್ಟು ಶಕ್ತಿ ಬೀಳುತ್ತದೆ. ಅಂದರೆ ಚದರ ಸೆಂಟಿಮೀಟರಿಗೆ ಒಂದು ವ್ಯಾಟಿನ ಹತ್ತನೆಯ ಒಂದು ಪಾಲು. ನಮಗೆ ಇದು ಅಲ್ಪ, ಚಿಟ್ಟೆಗೆ ಸಾಲುತ್ತದೆ. ಹಂಡೆಯ ನೀರು ಕಾಯಲು ಬಹಳ ಹೊತ್ತು ಬೇಕು, ಆರಲೂ ಬಹಳ ಹೊತ್ತು ಬೇಕು. ಚಮಚದ ನೀರು ಬೇಗ ಕಾಯುತ್ತದೆ, ಬೇಗ ಆರುತ್ತದೆ. ವಸ್ತುವಿನ ಉದ್ದ, ಅಗಲ, ಎತ್ತರಗಳನ್ನು ಹತ್ತನೆಯ ಒಂದಕ್ಕೆ ಇಳಿಸಿದರೆ ಮೇಲ್ಮೈ ನೂರನೆಯ ಒಂದಾಗುತ್ತದೆ, ಗಾತ್ರವಾದರೋ ಸಾವಿರದ ಒಂದಾಗುತ್ತದೆ. ಆದುದರಿಂದ ಚಿಕ್ಕ ವಸ್ತುವಿಗೆ ತನ್ನ ಗಾತ್ರದ ಲೆಕ್ಕದಲ್ಲಿ ಮೇಲ್ಮೈ ಹೆಚ್ಚು. ಶಾಖ ಬರುವ ಬಾಗಿಲೂ ದೊಡ್ಡದು, ಹೋಗುವ ಬಾಗಿಲೂ ದೊಡ್ಡದು. ಬಿಸಿಲು ಕಾಯುತ್ತಿರುವ ಚಿಟ್ಟೆಯ ಎದೆ ಕೆಲವೇ ನಿಮಿಷಗಳಲ್ಲಿ ಗಾಳಿಗಿಂತ ಹತ್ತು ಹದಿನೈದು ಡಿಗ್ರಿ ಬಿಸಿಯಾಗಬಲ್ಲದು. ಮೋಡ ಮುಚ್ಚಿದರೆ ಅಷ್ಟೇ ಬೇಗ ಆ ಗಳಿಕೆ ಕೈಬಿಟ್ಟುಹೋಗುತ್ತದೆ.

ಬಿಸಿಲು ಕಾಯುವ ಭಂಗಿಯೂ ಗಮನಿಸತಕ್ಕದ್ದು. ಕಾಡಿನ ಅನೇಕ ಚಿಟ್ಟೆಗಳು ರೆಕ್ಕೆಗಳನ್ನು ಪೂರ್ತಿ ಬಿಡಿಸಿ, ಬೆನ್ನನ್ನು ಸೂರ್ಯನಿಗೊಡ್ಡುತ್ತವೆ. ಇನ್ನು ಕೆಲವು ರೆಕ್ಕೆ ಮುಚ್ಚಿಕೊಂಡೇ ಪಕ್ಕಕ್ಕೆ ವಾಲಿ, ಬಿಸಿಲು ನೇರವಾಗಿ ತಾಗುವಂತೆ ಕೂರುತ್ತವೆ. ತೆಳುವಾದ, ಒಣಗಿದ ರೆಕ್ಕೆಯಲ್ಲಿ ಶಾಖ ದೂರ ಹರಿಯಲಾರದು. ಆದುದರಿಂದ ರೆಕ್ಕೆಯ ತುದಿಗಿಂತ ಮೈಗೆ ಹತ್ತಿದ ಬುಡದ ಭಾಗವೇ ಇದರಲ್ಲಿ ಮುಖ್ಯ; ಆ ಭಾಗ ಕಪ್ಪಾಗಿದ್ದಷ್ಟೂ ಲಾಭ ಹೆಚ್ಚು.

ನೆಲದ ಮೇಲಿನ ಸೂರ್ಯಬಿಂಬಗಳು

ದಟ್ಟವಾದ ಕಾಡಿನೊಳಗೆ ಬಿಸಿಲು ಹಾಸಿದಂತೆ ಬೀಳುವುದಿಲ್ಲ, ಬಿಲ್ಲೆಬಿಲ್ಲೆಯಾಗಿ ಬೀಳುತ್ತದೆ. ಎಲೆಗಳ ನಡುವಣ ಸಂದುಗಳು ಒಂದೊಂದು ಒಂದೊಂದು ಆಕಾರದವು. ಆದರೂ ನೆಲದ ಮೇಲಿನ ಬಿಲ್ಲೆಗಳು ಬಹುಮಟ್ಟಿಗೆ ದುಂಡಾಗಿರುತ್ತವೆ. ಇದಕ್ಕೆ ಕಾರಣವೇನು? ಪ್ರತಿಯೊಂದು ಸಣ್ಣ ಸಂದೂ ಸೂಜಿರಂಧ್ರದ ಕ್ಯಾಮರದಂತೆ ವರ್ತಿಸಿ ನೆಲದ ಮೇಲೆ ಸೂರ್ಯನ ಬಿಂಬವನ್ನೇ ಮೂಡಿಸುತ್ತದೆ. ಬಿಂಬದ ವ್ಯಾಸ ರಂಧ್ರದಿಂದ ನೆಲಕ್ಕಿರುವ ದೂರದ ಸುಮಾರು ೧೦೮ರಲ್ಲಿ ಒಂದು ಪಾಲು. ರಂಧ್ರ ೨೦ ಮೀಟರು ದೂರದಲ್ಲಿದ್ದರೆ ಬಿಲ್ಲೆಯ ಅಗಲ ಸುಮಾರು ೧೮ ಸೆಂಟಿಮೀಟರು. ಸಂದು ದೊಡ್ಡದಾದರೆ ಮಾತ್ರ ಬಿಲ್ಲೆಗೆ ಸಂದಿನ ಆಕಾರವೇ ಬರುತ್ತದೆ. ವಾಚಕರು ಮಾವಿನ ಮರದ ಕೆಳಗೋ ಹೊಂಗೆಯ ಮರದ ಕೆಳಗೋ ಇದನ್ನು ಪರೀಕ್ಷಿಸಬಹುದು. ೨೦೧೯ರ ಡಿಸೆಂಬರ್ ೨೬ರ ಸೂರ್ಯಗ್ರಹಣದ ದಿನ ನಮ್ಮ ನಾಡಿನ ಮರಗಳ ಕೆಳಗೆ ಬಿಲ್ಲೆಗಳ ಬದಲು ನೂರಾರು ಕುಡುಗೋಲುಗಳು ಮೂಡಿದ್ದುದು ಇದೇ ಕಾರಣದಿಂದ.

ಇಂಗ್ಲೆಂಡಿನ ಕಾಡುಗಳಲ್ಲಿ ಸ್ಪೆಕಲ್ಡ್ ವುಡ್ ಎಂಬ, ಕಂದುಬಣ್ಣದ ಮೇಲೆ ಕೆನೆಬಣ್ಣದ ಚುಕ್ಕೆಗಳಿರುವ ಚಿಟ್ಟೆಯುಂಟು. ಇದರ ಗಂಡು ನೆಲದ ಮೇಲಣ ಒಂದು ಬಿಸಿಲುತಾಣವನ್ನು ಹಿಡಿದು ಕುಳಿತು, ಹಾದುಹೋಗುವ ಹೆಣ್ಣಿಗಾಗಿ ಕಾಯುತ್ತದೆ. ಇನ್ನೊಂದು ಗಂಡು ಅಲ್ಲಿಗೆ ಬಂದರೆ ಎರಡೂ ಸುತ್ತಿಸುತ್ತಿ ಮೇಲೇರುತ್ತವೆ. ಸ್ವಲ್ಪ ಹೊತ್ತಿನಲ್ಲಿ ಒಂದು ಹಿಮ್ಮೆಟ್ಟುತ್ತದೆ. ಆಕ್ಸ್‌ಫರ್ಡಿನ ಬಳಿಯ ವೈಥಮ್ ಕಾಡಿನಲ್ಲಿ ಎನ್. ಬಿ. ಡೇವೀಸ್ ಎಂಬ ವಿಜ್ಞಾನಿ ಈ ಕಾಳಗಗಳನ್ನು ಅಭ್ಯಾಸಮಾಡಿ, ಮೊದಲೇ ಕುಳಿತಿದ್ದ ಚಿಟ್ಟೆಯೇ ಯಾವಾಗಲೂ ಗೆಲ್ಲುತ್ತದೆಂದು ೧೯೭೮ರಲ್ಲಿ ಪ್ರಕಟಿಸಿದರು. ಇದೊಂದು ರೂಢಿಯ ನ್ಯಾಯವೆಂದು ತೋರಿತು. ಇಪ್ಪತ್ತು ವರ್ಷಗಳ ತರುವಾಯ, ೧೯೯೮ರಲ್ಲಿ, ಸ್ಟಟ್ ಮತ್ತು ವಿಲ್ಮರ್ ಎಂಬ ಇಬ್ಬರು ಸಂಶೋಧಕರು ಇನ್ನೊಂದು ವಿವರಣೆಯನ್ನು ಮುಂದಿಟ್ಟರು: ಗೆಲ್ಲುವುದು ಮೈ ಹೆಚ್ಚು ಬಿಸಿಯಾಗಿರುವ ಚಿಟ್ಟೆ. ಬಿಸಿಲಿನಲ್ಲಿ ಕುಳಿತಿದ್ದದ್ದು ಕಾದಿರುತ್ತದೆ. ನೆರಳಿನಿಂದ ಬಂದದ್ದು ತಣ್ಣಗಿರುತ್ತದೆ. ಹಾಗಾದರೆ ಒಡೆಯನ ಗೆಲುವು ಹಕ್ಕಿನ ಬಲದಿಂದಲ್ಲ, ಶಾಖದ ಬಲದಿಂದ.

ಹುಡುಕುವ ಬಗೆ

ಇಷ್ಟನ್ನು ತಿಳಿದಮೇಲೆ, ತಂಪಾದ ದಿನ ಚಿಟ್ಟೆಯನ್ನು ಹುಡುಕುವುದೆಂದರೆ ಬಿಸಿಲನ್ನು ಹುಡುಕುವುದೇ ಎಂಬುದು ಸ್ಪಷ್ಟವಾಗುತ್ತದೆ. ಕಾಡನ್ನು ಸೀಳಿಕೊಂಡು ಹೋಗುವ ಅಗಲವಾದ ಹಾದಿಗಳ ಅಂಚು, ಅದರಲ್ಲಿಯೂ ಸೂರ್ಯನಿಗೆ ಎದುರಾಗಿ ಗಾಳಿಗೆ ಮರೆಯಾಗಿರುವ ಅಂಚು, ಮೊದಲು ನೋಡಬೇಕಾದ ಸ್ಥಳ. ಗಾಳಿ ಬೀಸಿದರೆ ಕಾದ ಮೈಯ ಶಾಖವನ್ನು ಕೊಂಡೊಯ್ಯುವುದರಿಂದ ಮರೆಯೂ ಬಿಸಿಲಿನಷ್ಟೇ ಮುಖ್ಯ. ಅಂತಹ ಅಂಚಿನಲ್ಲಿ ಬ್ರಾಂಬಲ್ ಎಂಬ ಮುಳ್ಳುಪೊದೆ ಹೂಬಿಟ್ಟಿದ್ದರೆ ಶಾಖವೂ ಆಹಾರವೂ ಒಂದೆಡೆ ದೊರೆತಂತಾಯಿತು. ಕಿತ್ತಳೆಬಣ್ಣದ, ಹಿಂದಿನ ರೆಕ್ಕೆಯ ಕೆಳಬದಿಯಲ್ಲಿ ಬೆಳ್ಳಿಯ ಗೆರೆಗಳಿರುವ ಸಿಲ್ವರ್ ವಾಷ್ಡ್ ಫ್ರಿಟಿಲರಿಯೂ, ಕಪ್ಪಿನ ಮೇಲೆ ಬಿಳಿಯ ಪಟ್ಟಿಯಿರುವ ವೈಟ್ ಅಡ್ಮಿರಲ್ಲೂ ಜುಲೈ ತಿಂಗಳಲ್ಲಿ ಅಲ್ಲಿಗೆ ಬರುತ್ತವೆ. ಓಕ್ ಮರಗಳ ನೆತ್ತಿಯಲ್ಲಿ ವಾಸಿಸುವ ಪರ್ಪಲ್ ಎಂಪರರ್ ಜಾತಿಯ ಗಂಡು ಮಾತ್ರ ಹೂವನ್ನು ಬಯಸದೆ, ಲವಣಾಂಶವನ್ನು ಹೀರಲು ಒದ್ದೆಯಾದ ಹಾದಿಗೆ ಇಳಿಯುತ್ತದೆ.

ನೆಲವನ್ನು ನೋಡುವಷ್ಟೇ ಆಕಾಶವನ್ನೂ ನೋಡಬೇಕು. ಮೋಡದ ಅಂಚು ಸರಿದು ಬಿಸಿಲು ಬಿದ್ದೊಡನೆ ಚಿಟ್ಟೆ ಹಾರಿಬಿಡುವುದಿಲ್ಲ. ಮೊದಲ ಕೆಲವು ನಿಮಿಷ ರೆಕ್ಕೆ ಬಿಡಿಸಿ ಮೈಕಾಯಿಸುತ್ತದೆ. ಬಿಸಿಯಾದ ಬೇಸಗೆಯಲ್ಲಿ ಸಿಕ್ಕದ ಅವಕಾಶವಿದು. ಸೆಕೆಯ ದಿನ ಚಿಟ್ಟೆ ನಿಲ್ಲುವುದೇ ಇಲ್ಲ. ತಂಪಾದ ಬೇಸಗೆ ನೋಡುವವನಿಗೆ ಚಿಟ್ಟೆಗಳನ್ನು ಕಡಮೆ ತೋರಿಸಿದರೂ ತೋರಿಸಿದ್ದನ್ನು ಹೆಚ್ಚು ಹೊತ್ತು ತೋರಿಸುತ್ತದೆ.

ಛಾಯಾಚಿತ್ರದ ಲೆಕ್ಕ

ಕಾಡಿನಲ್ಲಿ ಛಾಯಾಗ್ರಾಹಕನ ಮೊದಲ ತೊಡಕು ಬೆಳಕಿನ ಅಭಾವ. ತೆರೆದ ಬಿಸಿಲಿನಲ್ಲಿ ಎಫ್/೮ ರಂಧ್ರಕ್ಕೆ ಸೆಕೆಂಡಿನ ೮೦೦ರಲ್ಲಿ ಒಂದು ಪಾಲು ಸಾಕಾದರೆ, ಬೆಳಕು ಮೂವತ್ತೆರಡನೆಯ ಒಂದಕ್ಕೆ ಇಳಿದ ನೆರಳಿನಲ್ಲಿ ೨೫ರಲ್ಲಿ ಒಂದು ಪಾಲು ಬೇಕು. ಅಷ್ಟರಲ್ಲಿ ಕೈ ನಡುಗಿ ಚಿತ್ರ ಮಸಕಾಗುತ್ತದೆ. ಎರಡನೆಯ ತೊಡಕು ಸ್ಪಷ್ಟತೆಯ ಆಳ. ೩೬ × ೨೪ ಮಿಲಿಮೀಟರು ಫಲಕದ ಕ್ಯಾಮರದಲ್ಲಿ ಚಿಟ್ಟೆಯ ಬಿಂಬ ಅದರ ನಿಜವಾದ ಅಳತೆಯ ಅರ್ಧದಷ್ಟಿದ್ದರೆ, ಎಫ್/೮ರಲ್ಲಿ ಸ್ಪಷ್ಟವಾಗಿ ಮೂಡುವ ಆಳ ಸುಮಾರು ೩ ಮಿಲಿಮೀಟರು ಮಾತ್ರ. ಎಫ್/೧೬ಕ್ಕೆ ಹೋದರೆ ಆಳ ಇಮ್ಮಡಿಯಾಗುತ್ತದೆ, ಬೆಳಕು ಕಾಲುಭಾಗಕ್ಕಿಳಿಯುತ್ತದೆ. ಈ ಇಕ್ಕಟ್ಟಿಗೆ ಉಪಾಯ ಒಂದೇ: ಕ್ಯಾಮರದ ಫಲಕವನ್ನು ರೆಕ್ಕೆಯ ಮಟ್ಟಕ್ಕೆ ಸಮಾನಾಂತರವಾಗಿ ಹಿಡಿಯುವುದು. ಆಗ ಆ ಮೂರು ಮಿಲಿಮೀಟರಿನೊಳಗೇ ಇಡೀ ರೆಕ್ಕೆ ಅಡಗುತ್ತದೆ. ಬೆನ್ನೊಡ್ಡಿ ಮೈಕಾಯಿಸುವ ಚಿಟ್ಟೆ ಇದಕ್ಕೆ ತಾನಾಗಿಯೇ ಅನುಕೂಲ ಮಾಡಿಕೊಡುತ್ತದೆ.

ಪರ್ಪಲ್ ಎಂಪರರ್ ಗಂಡಿನ ನೇರಳೆಯ ಹೊಳಪು ಬಣ್ಣದ ಪುಡಿಯಿಂದ ಬಂದುದಲ್ಲ. ರೆಕ್ಕೆಯ ಹುರುಪೆಗಳಲ್ಲಿನ ಅತಿ ಸೂಕ್ಷ್ಮ ಪದರಗಳಿಂದ ಪ್ರತಿಫಲಿಸಿದ ಬೆಳಕಿನ ಅಲೆಗಳು ಒಂದನ್ನೊಂದು ಬಲಪಡಿಸಿ, ಸೋಪಿನ ಗುಳ್ಳೆಯಲ್ಲಿ ಆಗುವಂತೆ, ಬಣ್ಣವನ್ನುಂಟುಮಾಡುತ್ತವೆ. ಕೋನ ತಪ್ಪಿದರೆ ಬಣ್ಣವೂ ತಪ್ಪುತ್ತದೆ. ಒಂದು ರೆಕ್ಕೆ ನೇರಳೆ, ಇನ್ನೊಂದು ಬರಿಯ ಕಂದು ಎಂಬಂತೆ ಚಿತ್ರಗಳಲ್ಲಿ ಕಾಣುವುದು ಇದರಿಂದಲೇ. ಇಲ್ಲಿ ಕ್ಯಾಮರವನ್ನು ಕೆಲವು ಅಂಗುಲ ಆಚೀಚೆ ಸರಿಸಬೇಕೇ ಹೊರತು ಚಿಟ್ಟೆಯನ್ನು ಅಲುಗಿಸಬಾರದು.

ಇನ್ನೊಂದು ನಿಯಮ ಎಲ್ಲಕ್ಕಿಂತ ಮೇಲಾದದ್ದು. ಚಿಟ್ಟೆಯ ಮೇಲೆ ನಮ್ಮ ನೆರಳು ಬೀಳಕೂಡದು. ಅದರ ಪಾಲಿಗೆ ನಮ್ಮ ನೆರಳೂ ಒಂದು ಮೋಡವೇ. ಅರ್ಧ ಕಾದ ಚಿಟ್ಟೆಯನ್ನು ಬೆದರಿಸಿ ಎಬ್ಬಿಸಿದರೆ ಅದು ಕಷ್ಟಪಟ್ಟು ಸ್ವಲ್ಪ ದೂರ ಹಾರಿ, ತಣ್ಣಗಾಗಿ, ಮತ್ತೆ ಮೊದಲಿನಿಂದ ಕಾಯಬೇಕು. ಬೆಳಗಿನ ಚಳಿಯಲ್ಲಿ ಕದಲಲಾರದೆ ಕುಳಿತ ಚಿಟ್ಟೆಯ ಚಿತ್ರ ತೆಗೆಯುವುದು ಸುಲಭ. ಆದರೆ ಅದನ್ನು ಎಲೆಯಿಂದ ಕೆಡವಿದರೆ ಹಕ್ಕಿಯಿಂದ ತಪ್ಪಿಸಿಕೊಳ್ಳುವ ಶಕ್ತಿ ಅದಕ್ಕಿಲ್ಲವೆಂಬುದನ್ನು ಮರೆಯಬಾರದು.

ತಂಪಿಗೆ ತೆರುವ ಬೆಲೆ

ತಂಪಾದ ಬೇಸಗೆಯಿಂದ ಹಾರಾಟಕ್ಕೆ ಅಡ್ಡಿಯಾಗುವುದು ನಷ್ಟದ ಒಂದು ಭಾಗ ಮಾತ್ರ. ವೈಟ್ ಅಡ್ಮಿರಲ್ಲಿನ ಮರಿಹುಳು ನೆರಳಿನಲ್ಲಿರುವ ಹನಿಸಕಲ್ ಬಳ್ಳಿಯ ಎಲೆಯನ್ನು ತಿಂದು ಬೆಳೆಯುತ್ತದೆ. ಅದರ ಕೊನೆಯ ಬೆಳವಣಿಗೆಯೂ ಕೋಶದ ಅವಸ್ಥೆಯೂ ಜೂನ್ ತಿಂಗಳ ಸುಮಾರಿಗೆ ನಡೆಯುತ್ತವೆ. ಅರ್ನಿ ಪೊಲಾರ್ಡ್ ಎಂಬ ವಿಜ್ಞಾನಿ ಈ ಚಿಟ್ಟೆಯನ್ನು ಅಭ್ಯಾಸಮಾಡಿ ೧೯೭೯ರಲ್ಲಿ ತೋರಿಸಿಕೊಟ್ಟದ್ದು ಇದು: ಜೂನ್ ತಂಪಾದರೆ ಬೆಳವಣಿಗೆ ನಿಧಾನವಾಗುತ್ತದೆ, ಹುಳುವೂ ಕೋಶವೂ ಹೆಚ್ಚು ದಿನ ಬಳ್ಳಿಯಲ್ಲಿ ಉಳಿಯುತ್ತವೆ, ಅಷ್ಟೂ ದಿನ ಹಕ್ಕಿಗಳಿಗೆ ಸಿಕ್ಕುತ್ತವೆ. ಚಳಿ ಅವನ್ನು ನೇರವಾಗಿ ಕೊಲ್ಲುವುದಿಲ್ಲ. ಅಪಾಯದ ಕಾಲವನ್ನು ಹಿಗ್ಗಿಸುತ್ತದೆ, ಅಷ್ಟೆ. ಆದರೆ ಆ ಹಿಗ್ಗುವಿಕೆಯಲ್ಲಿಯೇ ಮುಂದಿನ ತಿಂಗಳ ಚಿಟ್ಟೆಗಳ ಸಂಖ್ಯೆ ನಿರ್ಧಾರವಾಗಿರುತ್ತದೆ.

ಹೀಗಿರುವಲ್ಲಿ, ಜುಲೈ ತಿಂಗಳ ಒಂದು ದಿನ ಕಾಡಿನಲ್ಲಿ ಚಿಟ್ಟೆ ಕಾಣದಿದ್ದರೆ ಎರಡು ಅರ್ಥಗಳುಂಟು. ಚಿಟ್ಟೆಗಳು ಇದ್ದೂ ಹಾರುತ್ತಿಲ್ಲ ಎಂಬುದೊಂದು. ಚಿಟ್ಟೆಗಳೇ ಇಲ್ಲ ಎಂಬುದು ಇನ್ನೊಂದು. ಇವೆರಡನ್ನು ಬೇರ್ಪಡಿಸುವ ಕ್ರಮವನ್ನು ರೂಪಿಸಿದವರೂ ಪೊಲಾರ್ಡರೇ. ೧೯೭೩ರಲ್ಲಿ ಮಾಂಕ್ಸ್ ವುಡ್ ಎಂಬ ಕಾಡಿನಲ್ಲಿ ಆರಂಭವಾದ ಅವರ ಎಣಿಕೆ ೧೯೭೬ರಿಂದ ಬ್ರಿಟನ್ನಿಗೆಲ್ಲ ಹರಡಿತು. ಗೊತ್ತಾದ ಹಾದಿಯಲ್ಲಿ ವಾರಕ್ಕೊಮ್ಮೆ ಒಂದೇ ವೇಗದಿಂದ ನಡೆದು, ೫ ಮೀಟರು ಅಗಲದೊಳಗೆ ಕಂಡವನ್ನು ಮಾತ್ರ ಎಣಿಸಬೇಕು. ಉಷ್ಣತೆ ೧೩ ಡಿಗ್ರಿಗಿಂತ ಕಡಮೆಯಿದ್ದರೆ ಎಣಿಸಕೂಡದು. ೧೩ರಿಂದ ೧೭ರವರೆಗೆ ಇದ್ದರೆ ನಡೆದ ಕಾಲದ ನೂರಕ್ಕೆ ೬೦ ಪಾಲಾದರೂ ಬಿಸಿಲಿರಬೇಕು. ೧೭ನ್ನು ಮೀರಿದರೆ ಮೋಡವಿದ್ದರೂ ಆಗಬಹುದು. ಹಾರಲು ತಕ್ಕ ಹವೆಯಲ್ಲಿ ಎಣಿಸಿದರೂ ಸಂಖ್ಯೆ ಕುಸಿದಿದ್ದರೆ ಅದು ನಿಜವಾದ ಕುಸಿತ.

ಬ್ರಿಟನ್ನಿನಲ್ಲಿ ನೂರು ವರ್ಷಗಳಲ್ಲಿಯೇ ಅತ್ಯಂತ ಒದ್ದೆಯಾದ ಬೇಸಗೆ ಬಂದದ್ದು ೨೦೧೨ರಲ್ಲಿ. ಆ ವರ್ಷ ಈ ಎಣಿಕೆಯಲ್ಲಿ ೫೬ ಜಾತಿಗಳ ಪೈಕಿ ೫೨ ಇಳಿಮುಖವಾದುವು. ಸಾರ್ವಜನಿಕರು ಹದಿನೈದು ನಿಮಿಷ ಒಂದೆಡೆ ನಿಂತು ಎಣಿಸುವ ಇನ್ನೊಂದು ಯೋಜನೆಯಲ್ಲಿ ೨೦೨೪ರ ಸರಾಸರಿ ಏಳು ಚಿಟ್ಟೆಗಳು ಮಾತ್ರ. ಆ ಎಣಿಕೆ ಮೊದಲಾದಂದಿನಿಂದ ಅಲ್ಲಿಯವರೆಗೆ ಅಷ್ಟು ಕಡಮೆ ಎಂದೂ ಬಂದಿರಲಿಲ್ಲ. ಕಾಡು ವಿಶಾಲವಾಗಿದ್ದರೆ, ಆಹಾರದ ಗಿಡಗಳಿದ್ದರೆ, ಒಂದು ಕೆಟ್ಟ ಬೇಸಗೆಯ ನಷ್ಟ ಮುಂದಿನ ಒಳ್ಳೆಯ ಬೇಸಗೆಯಲ್ಲಿ ತುಂಬಿಬರಬಹುದು. ಕಾಡು ತುಂಡುತುಂಡಾಗಿದ್ದರೆ, ಒಂದು ತುಂಡಿನಲ್ಲಿ ಅಳಿದ ಚಿಟ್ಟೆಯ ಸ್ಥಾನಕ್ಕೆ ಬರಲು ನೆರೆಯಲ್ಲಿ ಚಿಟ್ಟೆಯೇ ಇರುವುದಿಲ್ಲ. ಹವೆಯನ್ನು ತಿದ್ದುವುದು ಒಂದು ಊರಿನವರ ಕೈಯಲ್ಲಿಲ್ಲ. ಕಾಡಿನ ಹಾದಿಯ ಅಂಚಿಗೆ ಬಿಸಿಲು ಬೀಳುವಂತೆ ನೋಡಿಕೊಳ್ಳುವುದು ಉಂಟು.

ನಮ್ಮ ಮಲೆನಾಡಿನ ವಿದ್ಯಾರ್ಥಿಗಳು ಮಳೆಗಾಲದ ಬಿಡುವಿನಲ್ಲಿ ಈ ಪಾಠವನ್ನು ಪರೀಕ್ಷಿಸಬಹುದು. ಗಾಳಿ ಅಲ್ಲಿ ಇಂಗ್ಲೆಂಡಿನಷ್ಟು ತಣ್ಣಗಿರುವುದಿಲ್ಲ, ಆದರೆ ಮೋಡವೂ ಮರದ ನೆರಳೂ ಅಲ್ಲಿ ಧಾರಾಳವಾಗಿವೆ. ಬೇಕಾದದ್ದು ಒಂದು ಉಷ್ಣಮಾಪಕ, ಒಂದು ಗಡಿಯಾರ, ಒಂದು ನೋಟ್ ಪುಸ್ತಕ. ಗಂಟೆ ಎಷ್ಟು, ಉಷ್ಣತೆ ಎಷ್ಟು, ಬಿಸಿಲೋ ಮೋಡವೋ, ಚಿಟ್ಟೆ ರೆಕ್ಕೆ ಬಿಡಿಸಿತ್ತೋ ಮುಚ್ಚಿತ್ತೋ ಎಂದು ಬರೆದಿಡಬೇಕು. ಏನೂ ಕಾಣದ ದಿನವೂ ಅಷ್ಟನ್ನೂ ಬರೆಯಬೇಕು. ಉಷ್ಣತೆಯೊಡನೆ ಬರೆದಿಟ್ಟ ಸೊನ್ನೆ ಬರಿಯ ಸೊನ್ನೆಯಲ್ಲ. ಅದೂ ಒಂದು ಅಳತೆಯೇ.